ಕಲ್ಲು ಓದಲು ಕಲಿತ ಅಧ್ಯಾಪಕರು

ಹೊಸಕೋಟೆ ತಾಲ್ಲೂಕಿನ ಹಳ್ಳಿಯೊಂದರಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ಒಂದು ದಿನ ತರಗತಿ ಮುಗಿದ ಮೇಲೆ ನನ್ನ ಮೇಜಿನ ಬಳಿಗೆ ಬಂದು ಮೊಬೈಲಿನಲ್ಲಿ ತೆಗೆದ ಚಿತ್ರವೊಂದನ್ನು ತೋರಿಸಿದಳು. ಅವಳ ಊರಿನ ಕೆರೆಯ ಏರಿಯ ಮೇಲೆ ಅರ್ಧ ಹೂತುಹೋದ ಒಂದು ಕಲ್ಲು. ಅದರ ತುಂಬ ಸಾಲು ಸಾಲಾಗಿ ಅಕ್ಷರಗಳು. “ಸಾರ್, ಇದರಲ್ಲಿ ಏನು ಬರೆದಿದೆ?” ಎಂದು ಕೇಳಿದಳು. ನಾನು ಆ ವೇಳೆಗೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸ ಪಾಠ ಹೇಳಿದ್ದವನು. ಗಂಗರು, ಚೋಳರು, ಹೊಯ್ಸಳರು ಎಂದು ವರ್ಷ ವರ್ಷವೂ ಟಿಪ್ಪಣಿ ಬರೆಸಿದ್ದವನು. ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, “ಹಳಗನ್ನಡ ಇರಬೇಕಮ್ಮ, ಸರಿಯಾಗಿ ಕಾಣುತ್ತಿಲ್ಲ” ಎಂದು ಹೇಳಿ ಕಳುಹಿಸಿದೆ. ಅಕ್ಷರಗಳು ಚೆನ್ನಾಗಿಯೇ ಕಾಣುತ್ತಿದ್ದವು. ಓದಲು ನನಗೆ ಬರುತ್ತಿರಲಿಲ್ಲ, ಅಷ್ಟೆ.

ಈ ಸಂಗತಿ ನನ್ನನ್ನು ಬಹುಕಾಲ ಕಾಡಿತು. ಇತಿಹಾಸ ಕಲಿಸುವವನಿಗೆ ತನ್ನ ಊರಿನ ಕಲ್ಲನ್ನು ಓದಲು ಬಾರದಿರುವುದು ನನ್ನೊಬ್ಬನ ಸೋಮಾರಿತನವೇ, ಅಥವಾ ನಾವು ತಯಾರಾದ ಬಗೆಯಲ್ಲಿಯೇ ಏನಾದರೂ ಕೊರತೆಯಿತ್ತೇ? ನಮ್ಮ ನಾಡಿನಲ್ಲಿ ಕಾಲೇಜಿನ ಅಧ್ಯಾಪಕರು ಪಾಠ ಹೇಳುವುದರ ಜೊತೆಗೆ ಸಂಶೋಧನೆಯನ್ನೂ ಮಾಡಬಲ್ಲವರಾದ ಒಂದು ಕಾಲ ಇದ್ದಿತೆಂದು ಓದಿದ್ದೆ. ಆ ಕಾಲ ಹೇಗೆ ಬಂದಿತೆಂಬುದನ್ನು ನಿವೃತ್ತಿಯ ಬಳಿಕ, ಬಿಡುವಿನಲ್ಲಿ, ಹುಡುಕುತ್ತ ಹೋದೆ. ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಾದುಹೋಗುವವರು ರೈಸ್ ಸ್ಮಾರಕ ದೇವಾಲಯವನ್ನು ನೋಡಿರುತ್ತಾರೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರು ಈ ಊರಿನಲ್ಲಿ ಕನ್ನಡ ಕಲಿತು, ಕನ್ನಡದಲ್ಲಿಯೇ ಸೇವೆ ಸಲ್ಲಿಸಿದವರು. ಅವರ ಮಗ ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿಯೇ, 1837ರಲ್ಲಿ. ಇಂಗ್ಲೆಂಡಿನಲ್ಲಿ ಓದಿ ಮರಳಿ ಬಂದ ಈ ತರುಣ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅದೇ ಶಾಲೆ 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆಯಿತು. ಮುಂದೆ ವಿದ್ಯಾ ಇಲಾಖೆಯ ಅಧಿಕಾರಿಯಾಗಿ, ಶಾಲೆಗಳ ತಪಾಸಣೆಗೆಂದು ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳನ್ನು ಸುತ್ತುವಾಗ ಅವರ ಕಣ್ಣಿಗೆ ಬಿದ್ದದ್ದು ದೇವಸ್ಥಾನದ ಅಂಗಳಗಳಲ್ಲಿ, ಕೆರೆಯ ಕೋಡಿಗಳಲ್ಲಿ, ಹೊಲದ ಬದುಗಳಲ್ಲಿ ನಿಂತಿದ್ದ ಶಾಸನಗಲ್ಲುಗಳು. ಮೊದಲಿಗೆ ಅವರ ಕೈಗೆ ಸಿಕ್ಕಿದ್ದು ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ತೆಗೆದಿದ್ದ ಕೆಲವು ಶಾಸನಗಳ ಛಾಯಾಚಿತ್ರಗಳು. ಅವುಗಳ ಆಧಾರದ ಮೇಲೆ 1879ರಲ್ಲಿ ಮೈಸೂರಿನ ಶಾಸನಗಳ ಒಂದು ಪುಸ್ತಕವನ್ನು ಹೊರತಂದರು. ಆಮೇಲೆ ಸರ್ಕಾರ ಅವರನ್ನು ಪುರಾತತ್ತ್ವ ಸಂಶೋಧನೆಯ ನಿರ್ದೇಶಕರನ್ನಾಗಿ ನೇಮಿಸಿತು. 1906ರಲ್ಲಿ ಅವರು ನಿವೃತ್ತರಾಗುವ ವೇಳೆಗೆ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಸಂಪುಟಮಾಲೆಯಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಸಂಗ್ರಹವಾಗಿದ್ದವು. ಕನ್ನಡಿಗರು ಅವರನ್ನು ಶಾಸನ ಪಿತಾಮಹರೆಂದು ಕರೆಯುವುದು ಈ ಕಾರಣದಿಂದ.

1905ರಲ್ಲಿ ಪ್ರಕಟವಾದ ಒಂಬತ್ತನೆಯ ಸಂಪುಟ ಅಂದಿನ ಬೆಂಗಳೂರು ಜಿಲ್ಲೆಯದು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಕಲ್ಲುಗಳೆಲ್ಲ ಅದರಲ್ಲಿಯೇ ಇವೆ. (ಆಗ ಇವೆಲ್ಲ ಒಂದೇ ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೇರೆಯಾಯಿತು. 2007ರಲ್ಲಿ ರಾಮನಗರದ ಕಡೆಯ ತಾಲ್ಲೂಕುಗಳು ಅದರಿಂದ ಬೇರ್ಪಟ್ಟು ಈ ನಾಲ್ಕೇ ಉಳಿದವು. 2025ರ ಜುಲೈನಲ್ಲಿ ಅದಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಹಳೆಯ ಶಾಸನವನ್ನು ಹುಡುಕಬೇಕಾದವರು ಮಾತ್ರ ಇಂದಿಗೂ 1905ರ ತಾಲ್ಲೂಕುಗಳ ಹೆಸರನ್ನೇ ಹಿಡಿದು ಹುಡುಕಬೇಕು.)

ಈ ಸಂಪುಟದ ಬೆಲೆ ಏನೆಂದು ತಿಳಿಯಲು ನೆಲಮಂಗಲ ತಾಲ್ಲೂಕಿನ ಮಣ್ಣೆಯೊಂದನ್ನೇ ತೆಗೆದುಕೊಳ್ಳಬಹುದು. ಇಂದು ಅದೊಂದು ಸಾಮಾನ್ಯ ಹಳ್ಳಿ. ಶಿಥಿಲವಾದ ಕಪಿಲೇಶ್ವರ ದೇವಾಲಯದ ಹೊರತು ಹಿಂದಿನ ವೈಭವದ ಗುರುತು ಅಲ್ಲಿ ಹೆಚ್ಚಿಲ್ಲ. ಆದರೆ ಅದು ಗಂಗ ಅರಸರ ಮಾನ್ಯಪುರ. ಎಂಟನೆಯ ಶತಮಾನದಲ್ಲಿ ಶ್ರೀಪುರುಷನು ರಾಜ್ಯವಾಳಿದ್ದು ಅಲ್ಲಿಂದ. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ಒಂದು 797ರದು. ಗಂಗರ ಯುವರಾಜ ಮಾರಸಿಂಹನ ಕಾಲದ್ದು. ಅವನ ಸೇನಾಪತಿ ಶ್ರೀವಿಜಯನು ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಕೊಟ್ಟ ದತ್ತಿಯನ್ನು ಅದು ಹೇಳುತ್ತದೆ. ಇನ್ನೊಂದು 802ರದು. ಅದೂ ಅದೇ ಜಿನಾಲಯಕ್ಕೆ ಕೊಟ್ಟ ದತ್ತಿಯೇ, ಆದರೆ ಕೊಡುವವರು ಈಗ ರಾಷ್ಟ್ರಕೂಟರು. ಐದೇ ವರ್ಷಗಳಲ್ಲಿ ಈ ಸೀಮೆ ಕೈ ಬದಲಾಯಿಸಿತ್ತು, ಪೂಜಾಸ್ಥಾನ ಮಾತ್ರ ಇದ್ದಲ್ಲಿಯೇ ಇದ್ದು ಇಬ್ಬರಿಂದಲೂ ದಾನ ಪಡೆಯಿತು. ನಾನು ಗಂಗ–ರಾಷ್ಟ್ರಕೂಟ ಸಂಬಂಧಗಳ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಮಾಡುತ್ತಿದ್ದೆ. ಈ ಎರಡು ತಾಮ್ರಪಟಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ್ದರೆ ನೆಲಮಂಗಲದ ಮಕ್ಕಳಿಗೆ ಅರ್ಧ ಗಂಟೆ ಬೇಕಾಗುತ್ತಿರಲಿಲ್ಲ.

ರೈಸ್ ಅವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ. ಅವರ ಕಾಲದಲ್ಲಿ ಸಂಸ್ಥಾನದಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳು ಅಂದಿನ ಲಂಡನ್ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಮದ್ರಾಸಿನಿಂದ ಪಠ್ಯ ಬರುತ್ತಿತ್ತು, ಇಲ್ಲಿಯ ಅಧ್ಯಾಪಕರು ಪಾಠ ಹೇಳುತ್ತಿದ್ದರು, ಮದ್ರಾಸಿನಿಂದಲೇ ಪ್ರಶ್ನೆಪತ್ರಿಕೆಯೂ ಬರುತ್ತಿತ್ತು. ಹೊಸದಾಗಿ ಏನನ್ನಾದರೂ ಕಂಡುಹಿಡಿಯಬೇಕೆಂದು ಅಧ್ಯಾಪಕರನ್ನು ಯಾರೂ ಕೇಳುತ್ತಿರಲಿಲ್ಲ. 1904ರ ಕಾಯಿದೆಯ ಬಳಿಕವಷ್ಟೇ ಭಾರತದ ವಿಶ್ವವಿದ್ಯಾಲಯಗಳಿಗೆ ತಾವೇ ಅಧ್ಯಾಪಕರನ್ನು ನೇಮಿಸಿಕೊಂಡು ಬೋಧನೆ, ಸಂಶೋಧನೆಗಳನ್ನು ನಡೆಸುವ ದಾರಿ ತೆರೆಯಿತು. ಹೀಗಾಗಿ ಸಂಶೋಧನೆ ನಡೆಯುತ್ತಿದ್ದುದೆಲ್ಲ ಕಾಲೇಜಿನ ಹೊರಗೆ: ಸರ್ಕಾರದ ಪುರಾತತ್ತ್ವ ಇಲಾಖೆಯಲ್ಲಿ, 1891ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಯಲ್ಲಿ, ಮಿಷನರಿಗಳ ಓದುಕೋಣೆಗಳಲ್ಲಿ. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಹಿಂದೆ ನಿಂತವರೂ ಒಬ್ಬ ಗುರುಗಳೇ, ಫ್ರೆಂಚ್ ಕಥೋಲಿಕ ಪಾದ್ರಿ ಫಾದರ್ ತಬಾರ್ಡ್. ಆ ಸೊಸೈಟಿಯ ತ್ರೈಮಾಸಿಕ ಪತ್ರಿಕೆ ಇತಿಹಾಸದಲ್ಲಿ ಆಸಕ್ತಿಯಿದ್ದ ಅಧಿಕಾರಿಗಳಿಗೂ ವಕೀಲರಿಗೂ ಮೇಷ್ಟರುಗಳಿಗೂ ಬರೆದದ್ದನ್ನು ಅಚ್ಚು ಮಾಡಿಸುವ ಒಂದು ತಾಣವಾಯಿತು.

ರೈಸ್ ಅವರ ಬಳಿಕ ಇಲಾಖೆಯನ್ನು ವಹಿಸಿಕೊಂಡವರು ಆರ್. ನರಸಿಂಹಾಚಾರ್ಯರು. 1906ರಿಂದ 1922ರವರೆಗೆ ಅವರು ನಿರ್ದೇಶಕರು. ನಮ್ಮ ಮನೆಗಳಲ್ಲಿ ಅವರ ಹೆಸರು ‘ಕರ್ಣಾಟಕ ಕವಿಚರಿತೆ’ಯಿಂದ ಪರಿಚಿತ. ಆದರೆ ಇಲಾಖೆಯ ವಾರ್ಷಿಕ ವರದಿಗಳಿಗೆ ಅವರು ಕೊಟ್ಟ ರೂಪ ಅದಕ್ಕಿಂತ ಕಡಿಮೆಯ ಕೆಲಸವಲ್ಲ. ಆ ವರ್ಷ ಸುತ್ತಿದ ಊರುಗಳು, ಕಂಡ ದೇವಾಲಯಗಳು, ಹೊಸದಾಗಿ ದೊರೆತ ಶಾಸನಗಳು, ನಾಣ್ಯಗಳು, ಹಸ್ತಪ್ರತಿಗಳು, ಎಲ್ಲವೂ ಅದರಲ್ಲಿ ಬರಬೇಕು. ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಒಂಬತ್ತನೆಯ ಶತಮಾನದ ಕೊನೆಗಾಗಲೇ ಇತ್ತೆಂಬುದು ಬೆಳಕಿಗೆ ಬಂದದ್ದು ಇಂಥ ವರದಿಯೊಂದರಿಂದಲೇ, 1914–15ರ ವರದಿಯಿಂದ. ಅವರ ನಂತರ ನಿರ್ದೇಶಕರಾದ ಆರ್. ಶಾಮಶಾಸ್ತ್ರಿಗಳು ಓರಿಯಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ್ದವರು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಹೊರಗಿನಿಂದ ದೊಡ್ಡ ವಿದ್ವಾಂಸರನ್ನು ಕರೆತರುವುದು ಅವರು ಹಿಡಿದ ಮೊದಲ ದಾರಿ. ಇತಿಹಾಸಕ್ಕೆ ರಾಧಾಕುಮುದ ಮುಖರ್ಜಿ, ತತ್ತ್ವಶಾಸ್ತ್ರಕ್ಕೆ ಎಸ್. ರಾಧಾಕೃಷ್ಣನ್ ಬಂದರು. ಆದರೆ ಇಬ್ಬರೂ ಕೆಲವೇ ವರ್ಷಗಳಲ್ಲಿ ಬೇರೆಡೆಗೆ ಹೋದರು. ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತೆಗೆ ತೆರಳಿದರು. ಹೆಸರಾಂತ ವಿದ್ವಾಂಸರು ಬಂದರೆ ವಿಭಾಗಕ್ಕೆ ಕೀರ್ತಿ ಬರುವುದು ನಿಜ, ಅವರು ಹೊರಟಾಗ ಅವರೊಡನೆ ಬಹಳಷ್ಟು ಹೊರಟುಹೋಗುವುದೂ ನಿಜ. ಇಂದಿನ ವಿಶ್ವವಿದ್ಯಾಲಯಗಳಲ್ಲಿಯೂ ಇದನ್ನು ಕಾಣುತ್ತೇವೆ.

ಎರಡನೆಯ ದಾರಿ ನಿಧಾನದ್ದು. ಇಲ್ಲಿಯ ಹುಡುಗರನ್ನೇ ಆರಿಸಿ, ಹೊರಗೆ ಕಳುಹಿಸಿ ಪಳಗಿಸಿ, ಮರಳಿ ಬಂದ ಮೇಲೆ ಅವರಿಗೆ ಕೆಲಸ ಮಾಡಲು ಸಾಮಗ್ರಿಯನ್ನು ಒದಗಿಸುವುದು. ಎಂ.ಎಚ್. ಕೃಷ್ಣ ಅವರ ಕಥೆ ಈ ಬಗೆಯದು. ಲಂಡನ್ನಿನಲ್ಲಿ ದಖನ್ನಿನ ನಾಣ್ಯಗಳನ್ನು ಕುರಿತು ಅಭ್ಯಾಸ ಮಾಡಿ ಡಿ.ಲಿಟ್. ಪಡೆದು ಬಂದ ಅವರು ಮಹಾರಾಜ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರಾದರು, ಶಾಮಶಾಸ್ತ್ರಿಗಳ ಬಳಿಕ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆದರು. ಎರಡು ಹುದ್ದೆ, ಒಬ್ಬರೇ ವ್ಯಕ್ತಿ. ಖರ್ಚು ಉಳಿಸಲು ಮಾಡಿದ ಏರ್ಪಾಡಿನಂತೆ ಇದು ಕಾಣಬಹುದು. ಆದರೆ ಇದರ ಫಲ ಏನಾಯಿತೆಂದು ನೋಡಿ. ಬೆಳಗ್ಗೆ ತರಗತಿಯಲ್ಲಿ ಶಾತವಾಹನರ ಬಗ್ಗೆ ಪಾಠ ಹೇಳುವವರು ರಜೆಯಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಣ್ಣು ಅಗೆಸಿ ಶಾತವಾಹನರ ಕಾಲದ ನಾಣ್ಯಗಳನ್ನೂ ಅವುಗಳೊಡನೆ ರೋಮನ್ ನಾಣ್ಯಗಳನ್ನೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಅದು 1929ರ ಸುಮಾರಿನ ಮಾತು. ವರ್ಷದ ಕೊನೆಗೆ ವಾರ್ಷಿಕ ವರದಿ ಅಚ್ಚಾಗಲೇಬೇಕಾಗಿತ್ತು. ಅದು ಇಲಾಖೆಯ ಕರ್ತವ್ಯ, ಪ್ರಾಧ್ಯಾಪಕರ ಇಚ್ಛೆಗೆ ಬಿಟ್ಟ ವಿಷಯವಲ್ಲ. ಸಂಶೋಧನೆ ಮಾಡಿದರೆ ಮಾಡಲಿ, ಬಿಟ್ಟರೆ ಬಿಡಲಿ ಎಂಬ ಸ್ಥಿತಿ ಹೀಗೆ ಹೋಯಿತು. ನನಗೆ ತೋರುವಂತೆ ಆ ವಿಭಾಗವನ್ನು ಎತ್ತಿ ನಿಲ್ಲಿಸಿದ್ದು ಬೇರಾವುದಕ್ಕಿಂತಲೂ ಹೆಚ್ಚಾಗಿ ಈ ಏರ್ಪಾಡೇ.

1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ ಶಾಸನವನ್ನು ಬೆಳಕಿಗೆ ತಂದವರೂ ಕೃಷ್ಣ ಅವರೇ. ಸುಮಾರು ಕ್ರಿ.ಶ. 450ರದೆಂದು ಗಣಿಸಲಾದ ಈ ಕಲ್ಲು ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಶಾಲೆಯ ಮಕ್ಕಳೂ ಬಲ್ಲರು. ಕಣ್ಣೆದುರು ನಿಂತ ಕಲ್ಲಿನ ಲಿಪಿ ಎಷ್ಟು ಹಳೆಯದೆಂದು ನೋಡಿದ ಕೂಡಲೇ ಊಹಿಸಬಲ್ಲ ಕಣ್ಣು ಬೇಕಾಗುತ್ತದೆ. ಆ ಕಣ್ಣು ಪುಸ್ತಕದಿಂದ ಬರುವುದಿಲ್ಲ. ಕಲ್ಲನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದು, ಅದರ ಮೇಲೆ ಒದ್ದೆ ಕಾಗದ ಹಾಸಿ, ಕಾಗದ ಅಕ್ಷರದ ತಗ್ಗಿನೊಳಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟಿ, ಒಣಗಿದ ಮೇಲೆ ಬಿಡಿಸಿಕೊಂಡರೆ ಪಡಿಯಚ್ಚು ಸಿದ್ಧವಾಗುತ್ತದೆ: ಕರಿಯ ಹಾಳೆಯಲ್ಲಿ ಬಿಳಿಯ ಅಕ್ಷರಗಳು. ಇಂಥ ನೂರಾರು ಹಾಳೆಗಳನ್ನು ಬಲ್ಲವರ ಪಕ್ಕದಲ್ಲಿ ಕುಳಿತು, ತಪ್ಪು ಓದಿ, ತಿದ್ದಿಸಿಕೊಂಡು ಓದಿದವನಿಗೆ ಮಾತ್ರ ಆ ಕಣ್ಣು ಬರುತ್ತದೆ. ಮೈಸೂರಿನಲ್ಲಿ ಆ ಹಾಳೆಗಳಿದ್ದವು, ಓದಬಲ್ಲ ಪಂಡಿತರೂ ಇದ್ದರು, ಅವೆಲ್ಲ ವಿಭಾಗದ ಕೈಗೆ ಎಟಕುವಂತೆಯೂ ಇದ್ದವು.

ಒಂದು ತಲೆಮಾರಿನ ಕೆಲಸದ ಮೇಲೆ ಇನ್ನೊಂದು ತಲೆಮಾರು ನಿಂತದ್ದಕ್ಕೆ ಬ್ರಹ್ಮಗಿರಿಯೇ ಸಾಕ್ಷಿ. ಮೊಳಕಾಲ್ಮೂರು ಸೀಮೆಯ ಆ ಬೆಟ್ಟದ ಬಳಿ ಅಶೋಕನ ಶಾಸನಗಳನ್ನು 1892ರಲ್ಲಿ ಕಂಡವರು ರೈಸ್. ಐದು ದಶಕಗಳ ಬಳಿಕ ಅಲ್ಲಿ ಉತ್ಖನನ ನಡೆಸಿದವರು ಕೃಷ್ಣ. 1947ರಲ್ಲಿ ಭಾರತದ ಪುರಾತತ್ತ್ವ ಸರ್ವೇಕ್ಷಣದ ಮಾರ್ಟಿಮರ್ ವೀಲರ್ ಅದೇ ಜಾಗದಲ್ಲಿ ಅಗೆದು, ದಕ್ಷಿಣ ಭಾರತದ ಪ್ರಾಚೀನ ಸಂಸ್ಕೃತಿಗಳ ಕಾಲಕ್ರಮವನ್ನು ಗೊತ್ತುಪಡಿಸಲು ಯತ್ನಿಸಿದರು. ಅದೇ ವರ್ಷ ಕೃಷ್ಣ ಅವರು ತೀರಿಕೊಂಡರು. ಅವರ ಸಮಕಾಲೀನರಾದ ಎಸ್. ಶ್ರೀಕಂಠಶಾಸ್ತ್ರಿಗಳು ಕರ್ನಾಟಕ ಇತಿಹಾಸದ ಆಕರಗಳನ್ನು ಒಟ್ಟುಗೂಡಿಸಿದ ಇಂಗ್ಲಿಷ್ ಗ್ರಂಥವನ್ನು ವಿಶ್ವವಿದ್ಯಾಲಯ 1940ರಲ್ಲಿ ಪ್ರಕಟಿಸಿತ್ತು. ಬೇರೆಯವರ ಸಂಶೋಧನೆಗೆ ಅನುಕೂಲವಾಗಲೆಂದು ಮಾಡಿದ ಇಂಥ ಪುಸ್ತಕಗಳಿಗೆ ಬಹುಮಾನ ಬರುವುದಿಲ್ಲ. ಅವಿಲ್ಲದೆ ಯಾವ ವಿಭಾಗವೂ ನಡೆಯುವುದಿಲ್ಲ.

ಎಲ್ಲವೂ ಸಾಮರಸ್ಯದಿಂದ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ರೈಸ್ ಅವರು ಪ್ರಕಟಿಸಿದ ಗಂಗರ ತಾಮ್ರಪಟಗಳಲ್ಲಿ ಹಲವು ನಕಲಿ ಎಂದು ಬೊಂಬಾಯಿ ಪ್ರಾಂತ್ಯದ ಅಧಿಕಾರಿ ಜೆ.ಎಫ್. ಫ್ಲೀಟ್ ಗಟ್ಟಿಯಾಗಿ ವಾದಿಸಿದರು. ರೈಸ್ ಒಪ್ಪಲಿಲ್ಲ. ಈ ವಾದ ವರ್ಷಗಟ್ಟಲೆ ನಡೆಯಿತು. ಅದರಿಂದಾಗಿ ಮುಂದಿನವರು ತಾಮ್ರಪಟವೊಂದು ಕೈಗೆ ಬಂದೊಡನೆ ಅದರ ಲಿಪಿ, ಭಾಷೆ, ಶಕವರ್ಷ, ವಾರ, ತಿಥಿಗಳನ್ನೆಲ್ಲ ಪರೀಕ್ಷಿಸಿಯೇ ನಂಬಬೇಕೆಂಬುದನ್ನು ಕಲಿತರು. ರೈಸ್ ಅವರ ಸಂಪುಟಗಳಲ್ಲಿ ತಪ್ಪು ಓದುಗಳಿವೆ. ಅದಕ್ಕಾಗಿಯೇ, 1966ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಸ್ಥಾಪನೆಯಾದ ಕನ್ನಡ ಅಧ್ಯಯನ ಸಂಸ್ಥೆಯ ಅಧ್ಯಾಪಕರು ಕಲ್ಲುಗಳ ಬಳಿಗೆ ಮತ್ತೆ ಹೋಗಿ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸತೊಡಗಿದರು. ಕೊಡಗಿನ ಸಂಪುಟ 1972ರಲ್ಲಿ ಮೊದಲು ಹೊರಬಂದಿತು.

ಇಲ್ಲಿ ನಮ್ಮ ನಾಡಿನಾಚೆಯ ಒಂದು ಕಥೆಯನ್ನೂ ಹೇಳಬೇಕು, ಏಕೆಂದರೆ ಅದು ಸಣ್ಣ ಕಾಲೇಜುಗಳಿಗೆ ಹೆಚ್ಚು ಹತ್ತಿರದ್ದು. 1922ರಲ್ಲಿ ಬೊಂಬಾಯಿಯ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಸ್ಪೇನಿನಿಂದ ಫಾದರ್ ಹೆನ್ರಿ ಹೆರಾಸ್ ಎಂಬ ಯೇಸುಸಭೆಯ ಗುರುಗಳು ಇತಿಹಾಸ ಕಲಿಸಲು ಬಂದರು. ಭಾರತದ ಇತಿಹಾಸ ಅವರಿಗೆ ಹೊಸದು. ಆದರೂ ಅದನ್ನೇ ಆರಿಸಿಕೊಂಡು ಮೊದಲಿನಿಂದ ಕಲಿತರು. 1926ರಲ್ಲಿ ಕಾಲೇಜಿನೊಳಗೇ ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯನ್ನು ಕಟ್ಟಿದರು. ಮರು ವರ್ಷವೇ ವಿಜಯನಗರದ ಅರವೀಡು ವಂಶದ ಮೇಲಿನ ಅವರ ಗ್ರಂಥ ಹೊರಬಂದಿತು. ಅವರ ಶಿಷ್ಯರಾದ ಜಾರ್ಜ್ ಮೊರಾಯಸ್ ಅವರು ಬನವಾಸಿಯ ಕದಂಬರ ಮೇಲೆ ಬರೆದ ‘ಕದಂಬ ಕುಲ’ 1931ರಲ್ಲಿ ಪ್ರಕಟವಾಯಿತು. ಕನ್ನಡ ನಾಡಿನ ಮೊದಲ ಅರಸುಮನೆತನದ ಸಮಗ್ರ ಚರಿತ್ರೆ ಬೊಂಬಾಯಿಯ ಒಂದು ಕ್ರೈಸ್ತ ಕಾಲೇಜಿನ ಇತಿಹಾಸ ವಿಭಾಗದಿಂದ ಬಂದಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಪುಸ್ತಕಗಳನ್ನು ಕೂಡಿಡುವುದು, ವಿದ್ಯಾರ್ಥಿಗಳನ್ನು ಊರೂರಿಗೆ ಕರೆದೊಯ್ಯುವುದು, ತಾನು ಬರೆಯುವುದು, ಶಿಷ್ಯನ ಕೈಯಲ್ಲಿ ಬರೆಸುವುದು: ಫಾದರ್ ಹೆರಾಸ್ ಮಾಡಿದ್ದು ಇಷ್ಟು. 1955ರಲ್ಲಿ ಅವರು ತೀರಿಕೊಂಡ ಮೇಲೂ ಸಂಸ್ಥೆ ಅವರ ಹೆಸರಿನಲ್ಲಿ ಮುಂದುವರಿಯಿತು.

ಮೈಸೂರಿನಲ್ಲಿ 1950ರ ದಶಕದಲ್ಲಿ ಕೆ.ಎ. ನೀಲಕಂಠ ಶಾಸ್ತ್ರಿಗಳಂಥವರು ಪ್ರಾಧ್ಯಾಪಕರಾಗಿ ಬಂದು ಈ ಪರಂಪರೆಯನ್ನು ಮುಂದುವರಿಸಿದರು. ಬಳಿಕ ಪುರಾತತ್ತ್ವ ಇಲಾಖೆ ಸರ್ಕಾರದ ಬೇರೆಯ ಇಲಾಖೆಯಾಗಿ ನಿಂತಿತು, ವಿಶ್ವವಿದ್ಯಾಲಯದ ವಿಭಾಗಗಳು ತಮ್ಮ ದಾರಿ ಹಿಡಿದವು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಗಿ ಹುಟ್ಟಿತು. ಊರೂರಿಗೆ ಪದವಿ ಕಾಲೇಜುಗಳು ಬಂದವು. ಅದರಿಂದ ಹಳ್ಳಿಯ ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಆದ ಉಪಕಾರವನ್ನು ಕಡಿಮೆಯೆಂದು ಎಣಿಸಬಾರದು. ಆದರೆ ಆ ಕಾಲೇಜುಗಳ ಅಧ್ಯಾಪಕರ ಸ್ಥಿತಿ 1916ಕ್ಕೆ ಹಿಂದಿನ ಸೆಂಟ್ರಲ್ ಕಾಲೇಜಿನ ಅಧ್ಯಾಪಕರ ಸ್ಥಿತಿಗೆ ಮರಳಿತು. ಪಠ್ಯ ಬೇರೆಡೆಯಿಂದ ಬರುತ್ತದೆ, ಪ್ರಶ್ನೆಪತ್ರಿಕೆ ಬೇರೆಡೆಯಿಂದ ಬರುತ್ತದೆ, ನಡುವೆ ನಾವು.

ನನ್ನ ಸೇವಾವಧಿಯ ಕೊನೆಯ ವರ್ಷಗಳಲ್ಲಿ ಇದು ಬೇರೊಂದು ರೂಪ ತಾಳಿತು. 2010ರ ಯುಜಿಸಿ ನಿಯಮಗಳಿಂದ ಬಡ್ತಿಗೆ ಪ್ರಕಟಣೆಗಳ ಅಂಕ ಲೆಕ್ಕಕ್ಕೆ ಬಂದಿತು. ಉದ್ದೇಶ ಒಳ್ಳೆಯದೇ. ಆದರೆ ಶಾಸನ ಓದಲು ಕಲಿಸುವವರನ್ನಾಗಲಿ, ವಾರಕ್ಕೆ ಒಂದು ದಿನದ ಬಿಡುವನ್ನಾಗಲಿ, ಹತ್ತಿರದಲ್ಲೊಂದು ಗ್ರಂಥಭಂಡಾರವನ್ನಾಗಲಿ ಯಾರೂ ಕೊಡಲಿಲ್ಲ. ನಾನು ದುಡಿದ ಕಾಲೇಜಿನಲ್ಲಿ ನ್ಯಾಕ್ ತಂಡ ಬರುವ ಮುನ್ನ ಎಲ್ಲರೂ ಎರಡೆರಡು ಲೇಖನ ಒಪ್ಪಿಸಬೇಕೆಂದು ಸುತ್ತೋಲೆ ಬಂದಿತು. ಹಣ ಕೊಟ್ಟರೆ ಹದಿನೈದು ದಿನಗಳಲ್ಲಿ ಅಚ್ಚು ಹಾಕುವ ಪತ್ರಿಕೆಗಳಿದ್ದವು. ನಾನೂ ಕೊಟ್ಟೆ. ಆ ಎರಡು ಲೇಖನಗಳಲ್ಲಿ ನನ್ನ ಸ್ವಂತದ್ದೆನ್ನುವ ಒಂದು ಸಂಗತಿಯೂ ಇರಲಿಲ್ಲ. ಅಂಕ ಬಂದಿತು. ಇಂಥ ಪತ್ರಿಕೆಗಳನ್ನು ತಡೆಯಲು ಯುಜಿಸಿ 2018ರಲ್ಲಿ ತಂದ ಕೇರ್ ಪಟ್ಟಿಯನ್ನು 2025ರಲ್ಲಿ ಅದೇ ಕೈಬಿಟ್ಟಿತು.

ಅತ್ತ ಕಲ್ಲುಗಳು ಕಾಯುವುದಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ನೆಲದ ಬೆಲೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಬಡಾವಣೆ, ಗೋದಾಮು, ರಸ್ತೆ ಅಗಲೀಕರಣ. 1905ರ ಸಂಪುಟದಲ್ಲಿ ‘ಊರ ಮುಂದಿನ ಹೊಲದಲ್ಲಿ’ ಎಂದು ಬರೆದಿರುವಲ್ಲಿ ಈಗ ಹೊಲವೇ ಇಲ್ಲ. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಮತ್ತು ಸುತ್ತಣ ಪ್ರದೇಶದ ಶಾಸನಗಳನ್ನು ಒಂದೊಂದಾಗಿ ಹುಡುಕಿ, ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಕೈಗೊಂಡರು. ಸ್ಕ್ಯಾನಿನಲ್ಲಿ ಸವೆದ ಅಕ್ಷರಗಳೂ ತಿಳಿಯಾಗಿ ಕಾಣುವುದರಿಂದ ಹಳೆಯ ಓದುಗಳನ್ನು ತಿದ್ದಲು ಸಾಧ್ಯವಾಯಿತು. ಈ ಕೆಲಸಕ್ಕೆ ಮುಂದಾದವರಲ್ಲಿ ಇಂಜಿನಿಯರುಗಳೂ ಹವ್ಯಾಸಿಗಳೂ ಇದ್ದಾರೆ. ಇತಿಹಾಸದ ಅಧ್ಯಾಪಕನಾಗಿ ಇದನ್ನು ಸಂತೋಷದಿಂದಲೂ ಸ್ವಲ್ಪ ನಾಚಿಕೆಯಿಂದಲೂ ಬರೆಯುತ್ತಿದ್ದೇನೆ.

ಆ ವಿದ್ಯಾರ್ಥಿನಿಯ ಕಲ್ಲಿನ ವಿಷಯ ಹೇಳಿ ಮುಗಿಸುತ್ತೇನೆ. ಒಂಬತ್ತನೆಯ ಸಂಪುಟ ಇಂದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಹೊಸಕೋಟೆ ತಾಲ್ಲೂಕಿನ ಭಾಗವನ್ನು ತೆರೆದು ಅವಳ ಊರಿನ ಹೆಸರನ್ನು ಹುಡುಕಿದೆ. ಇತ್ತು. ಶಾಸನ ಹಳಗನ್ನಡದಲ್ಲಿಯೇ ಇರಲಿಲ್ಲ, ತಮಿಳಿನಲ್ಲಿತ್ತು. 1004ರ ಸುಮಾರಿಗೆ ತಲಕಾಡು ಚೋಳರ ವಶವಾದ ಮೇಲೆ ಈ ಸೀಮೆಯಲ್ಲಿ ತಮಿಳು ಶಾಸನಗಳು ಬಹಳವಾಗಿ ಕಾಣುತ್ತವೆಂದು ನಾನೇ ಟಿಪ್ಪಣಿಯಲ್ಲಿ ಬರೆಸಿದ್ದೆ! ಕಲ್ಲು ಎದುರಿಗೆ ಬಂದಾಗ ಹೊಳೆಯಲಿಲ್ಲ. ಅವಳಿಗೆ ಫೋನು ಮಾಡಿ ತಿಳಿಸಿದೆ. ಈಗ ಅವಳು ದೊಡ್ಡಬಳ್ಳಾಪುರದ ಕಡೆ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಸಂಪುಟದಲ್ಲಿ ಅಚ್ಚಾದ ಓದಿನಲ್ಲಿ ಕೊನೆಯ ಸಾಲುಗಳಿಲ್ಲ. ಅವು ಆಗಲೇ ಮಣ್ಣಿನಲ್ಲಿ ಹೂತಿದ್ದಿರಬೇಕು. “ಅಗೆದು ನೋಡೋಣವೇ ಸಾರ್?” ಎಂದು ಕೇಳಿದಳು. ಅಗೆಯಲು ನಮಗೆ ಅಧಿಕಾರವಿಲ್ಲ, ಮೊದಲು ಇಲಾಖೆಗೂ ಪಂಚಾಯಿತಿಗೂ ಪತ್ರ ಬರೆಯಬೇಕು ಎಂದೆ. ಪತ್ರ ಬರೆದಿದ್ದೇವೆ. ಅಷ್ಟರೊಳಗೆ ಮಣ್ಣಿನ ಮೇಲಿರುವ ಸಾಲುಗಳನ್ನಾದರೂ ಓದಲು ಕಲಿಯೋಣವೆಂದು ಗ್ರಂಥ ಮತ್ತು ತಮಿ‌ಳು ಲಿಪಿಗಳ ಅಕ್ಷರಪಟ್ಟಿಯೊಂದನ್ನು ಹೊಂದಿಸಿಕೊಂಡಿದ್ದೇವೆ. ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಗಂಟೆ ಕುಳಿತುಕೊಳ್ಳುತ್ತೇವೆ. ಇದುವರೆಗೆ ಮೊದಲ ಸಾಲಿನ ಏಳು ಅಕ್ಷರಗಳಾಗಿವೆ.